‘ಸ್ಮೈಲ್ ಡಿಸೈನಿಂಗ್’ ಭರಾಟೆ: ಸವೆಸಿದ ಹಲ್ಲು ಮತ್ತೆ ಬೆಳೆಯದು

ಮುಂಬಯಿ: ಮದುವೆಯ ಹಂಗಾಮು ಬಂತೆಂದರೆ ಮಹಾನಗರದಲ್ಲಿ ಸಭಾಗೃಹ, ಅಡುಗೆಯವರು, ಫೋಟೊಗ್ರಾಫರ್ ಎಂದು ಓಡಾಟ ಶುರುವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ದಂತ ಚಿಕಿತ್ಸಾಲಯವೂ ಸೇರಿಕೊಂಡಿದೆ. ಹಲ್ಲುನೋವು ಇಲ್ಲದ ಯುವಕ ಯುವತಿಯರೂ ಫೋಟೊದಲ್ಲಿ ನಗು ಚೆನ್ನಾಗಿ ಕಾಣಬೇಕೆಂದು ವೆನೀರ್ ಹಾಕಿಸಿಕೊಳ್ಳಲು ಹೋಗುತ್ತಿದ್ದಾರೆ. ಮೊಬೈಲ್‌ನಲ್ಲಿ ಬರುವ ‘ಹಿಂದೆ–ಈಗ’ ಚಿತ್ರಗಳು ಈ ಆಸೆಯನ್ನು ಇನ್ನಷ್ಟು ಬೆಳೆಸಿವೆ.

ಆಸೆ ತಪ್ಪಲ್ಲ. ಆದರೆ 2024ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಘಟನೆ ಹಲವು ಹೆತ್ತವರ ಎದೆ ನಡುಗಿಸಿತ್ತು. ಮದುವೆ ನಿಶ್ಚಯವಾಗಿದ್ದ 28ರ ಹರೆಯದ ಯುವಕನೋರ್ವ ನಗು ಸುಂದರಗೊಳಿಸುವ ಚಿಕಿತ್ಸೆಗೆಂದು ಹೋದವನು ಮರಳಿ ಬರಲಿಲ್ಲ. ಅರಿವಳಿಕೆ ಅತಿಯಾದುದೇ ಕಾರಣ ಎಂದು ಕುಟುಂಬ ಆರೋಪಿಸಿತ್ತು. ಇಂತಹ ಸಾವು ತೀರಾ ವಿರಳ. ಮಾಮೂಲಿ ವೆನೀರ್ ಕೆಲಸಕ್ಕೆ ಪೂರ್ಣ ಪ್ರಜ್ಞೆ ತಪ್ಪಿಸುವ ಅಗತ್ಯವೂ ಇರುವುದಿಲ್ಲ. ಜೀವಕ್ಕೆ ಅಪಾಯವಿಲ್ಲದೆಯೂ ಬಾಯಿ ಕೆಡುವ ಪ್ರಕರಣಗಳೇ ಹೆಚ್ಚು, ಅವು ಸುದ್ದಿಯಾಗುವುದಿಲ್ಲ ಅಷ್ಟೆ.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ, ಉಗುರಿನಷ್ಟು ತೆಳುವಾದ ಪಿಂಗಾಣಿ ಅಥವಾ ಕಾಂಪೊಸಿಟ್ ಪದರ. ಇದನ್ನು ಕೂರಿಸಲು ಸಾಮಾನ್ಯವಾಗಿ ಹಲ್ಲಿನ ಮೇಲ್ಪದರವಾದ ಎನಾಮಲನ್ನು ಅರ್ಧ ಮಿಲಿಮೀಟರ್ ಆಸುಪಾಸು ಸವೆಸಬೇಕಾಗುತ್ತದೆ. ಚರ್ಮದ ಗಾಯ ಮಾಯುತ್ತದೆ, ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಪಿಂಗಾಣಿಯ ವೆನೀರ್ ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳಬಹುದು, ಕಾಂಪೊಸಿಟ್ ಅದಕ್ಕಿಂತ ಕಡಿಮೆ. ಅಂದರೆ 25ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ಆಯುಷ್ಯದಲ್ಲಿ ಹಲವು ಬಾರಿ ಅದನ್ನು ಬದಲಿಸಬೇಕಾಗುತ್ತದೆ. ಎಂಟು ಹತ್ತು ಹಲ್ಲುಗಳ ಖರ್ಚನ್ನು ಮದುವೆಯ ಖರ್ಚಿನಲ್ಲಿ ಸೇರಿಸಿ ಮರೆಯುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ಇದಕ್ಕಿಂತ ದೊಡ್ಡ ಮೋಸವೊಂದಿದೆ. ವೆನೀರ್ ಎಂದು ಹೇಳಿ ಕ್ರೌನ್, ಅಂದರೆ ಪೂರ್ಣ ಟೋಪಿ ಹಾಕುವುದು. ಅದಕ್ಕೆ ಹಲ್ಲನ್ನು ಸುತ್ತಲೂ ಸವೆಸಿ ಗೂಟದಂತೆ ಮಾಡಲಾಗುತ್ತದೆ; ಕೆಲವು ಹಲ್ಲುಗಳ ನರ ಸತ್ತು ಮುಂದೆ ರೂಟ್ ಕೆನಾಲ್‌ಗೆ ದಾರಿಯಾಗುತ್ತದೆ. ಅಗ್ಗದ ದರಕ್ಕೆ ಮರುಳಾಗಿ ಟರ್ಕಿಗೆ ಹೋದ ಬ್ರಿಟನ್ನಿನ ಅನೇಕ ಯುವಜನರಿಗೆ ಆದದ್ದು ಇದೇ. ಗಟ್ಟಿಯಾಗಿದ್ದ ಹಲ್ಲುಗಳನ್ನೇ ಗೂಟ ಮಾಡಿಸಿಕೊಂಡು ಅವರು ಮರಳಿದ್ದರು. ‘ಹಲ್ಲನ್ನು ಎಷ್ಟು ಸವೆಸುತ್ತೀರಿ, ಹಿಂಭಾಗವನ್ನೂ ಸವೆಸುತ್ತೀರಾ?’ ಎಂದು ಕುರ್ಚಿಯಲ್ಲಿ ಒರಗುವ ಮೊದಲೇ ಕೇಳುವುದು ಅವಿನಯವಲ್ಲ.

ಹಾಗಾದರೆ ಯಾರ ಬಳಿ ಹೋಗಬೇಕು? ‘ಕಾಸ್ಮೆಟಿಕ್ ಡೆಂಟಿಸ್ಟ್’ ಎಂಬ ಫಲಕ ಎಲ್ಲೆಡೆ ಕಾಣುತ್ತದೆ. ಆದರೆ ಭಾರತೀಯ ದಂತ ಪರಿಷತ್ತು ಮಾನ್ಯ ಮಾಡಿದ ಎಂಡಿಎಸ್‌ನ ಒಂಬತ್ತು ವಿಭಾಗಗಳಲ್ಲಿ ಆ ಹೆಸರಿನದು ಇಲ್ಲ. ಈ ಕೆಲಸಕ್ಕೆ ಹತ್ತಿರದ ವಿಶೇಷ ತರಬೇತಿ ಪಡೆದವರು ಪ್ರಾಸ್ಥೊಡಾಂಟಿಕ್ಸ್ ಮತ್ತು ಕನ್ಸರ್ವೇಟಿವ್ ಡೆಂಟಿಸ್ಟ್ರಿ ಓದಿದವರು. ಅನುಭವಿ ಬಿಡಿಎಸ್ ವೈದ್ಯರೂ ಒಳ್ಳೆಯ ಕೆಲಸ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರಕ್ಕೆ ಗೋಡೆಯ ಮೇಲೆ ಚೌಕಟ್ಟು ಸಿಕ್ಕಿದ ಮಾತ್ರಕ್ಕೆ ಅದು ಪದವಿಯಾಗದು. ವೈದ್ಯರ ಹೆಸರು ರಾಜ್ಯ ದಂತ ಪರಿಷತ್ತಿನ ನೋಂದಣಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಬ್ಯೂಟಿ ಪಾರ್ಲರಿನಲ್ಲಿ ಹಲ್ಲಿಗೆ ಪದರ ಅಂಟಿಸುವವರ ಬಳಿಗಂತೂ ಹೋಗಲೇಬಾರದು.

ಕೋಲಾರ, ಪಾವಗಡ, ರಾಯಚೂರು, ಮುಂಡರಗಿ ಕಡೆಯಿಂದ ಬಂದ ಕನ್ನಡಿಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಆ ಸೀಮೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಾಲ್ಯದಲ್ಲಿ ಅದನ್ನು ಕುಡಿದವರ ಹಲ್ಲಿನಲ್ಲಿ ಕಂದು ಕಲೆ ಉಳಿದುಬಿಡುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯರ ಸಂಕಟ ಬೇರೆಯವರಿಗೆ ತಿಳಿಯದು. ಇಂತಹವರಿಗೆ ಚಿಕಿತ್ಸೆ ಶೋಕಿಯಲ್ಲ. ಆದರೂ ನೇರವಾಗಿ ವೆನೀರ್‌ಗೆ ಹಾರಬೇಕಿಲ್ಲ. ಕಲೆ ತೆಳುವಾಗಿದ್ದರೆ ಬ್ಲೀಚಿಂಗ್ ಅಥವಾ ಮೇಲ್ಪದರವನ್ನು ಕೂದಲೆಳೆಯಷ್ಟೇ ತಿಕ್ಕಿ ತೆಗೆಯುವ ಮೈಕ್ರೊಅಬ್ರೇಷನ್ ಸಾಕಾಗಬಹುದು. ಸಾಲದಿದ್ದರೆ ಕಾಂಪೊಸಿಟ್, ಕೊನೆಗೆ ಪಿಂಗಾಣಿ. ಓರೆಕೋರೆ ಹಲ್ಲಿಗೂ ಅಷ್ಟೇ. ಕ್ಲಿಪ್ ಹಾಕಿಸಿದರೆ ವರ್ಷ ಹಿಡಿಯುತ್ತದೆ, ಹಲ್ಲು ಮಾತ್ರ ಪೂರ್ತಿ ಉಳಿಯುತ್ತದೆ. ಮುಹೂರ್ತಕ್ಕೆ ಮೂರು ವಾರ ಇರುವಾಗ ಹೋದರೆ ಈ ದಾರಿ ಮುಚ್ಚಿಹೋಗುತ್ತದೆ.

ಒಸಡಿನಲ್ಲಿ ರಕ್ತ, ಹುಳುಕು, ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದವರಿಗೆ ಮೊದಲು ಅದರ ಉಪಚಾರವಾಗಬೇಕು. ಅದನ್ನು ಪರೀಕ್ಷಿಸದೆ ಬಣ್ಣದ ಪಟ್ಟಿ ತೋರಿಸುವ ವೈದ್ಯರಿಂದ ದೂರವಿರುವುದು ಲೇಸು. ಎರಡನೆಯ ಅಭಿಪ್ರಾಯ ಬೇಕಾದರೆ ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರ ಪಾಲಿಕೆಯ ನಾಯರ್ ದಂತ ಆಸ್ಪತ್ರೆ ಇದೆ, ಸಿಎಸ್‌ಟಿ ಬಳಿ ಸರಕಾರಿ ದಂತ ಮಹಾವಿದ್ಯಾಲಯವಿದೆ. ಸರತಿಯಲ್ಲಿ ಕಾಯಬೇಕು ನಿಜ, ಆದರೆ ಅಲ್ಲಿ ಯಾರೂ ಪ್ಯಾಕೇಜ್ ಮಾರುವುದಿಲ್ಲ.

ಕೆಲಸ ಕೆಟ್ಟರೆ ಮೌನವಾಗಿರಬೇಕಿಲ್ಲ. ಶುಲ್ಕ ಪಡೆದು ನೀಡುವ ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ಬೇಕಾಗುವುದು ಚಿಕಿತ್ಸೆಗೆ ಮೊದಲಿನ ಎಕ್ಸ್‌ರೇ ಹಾಗೂ ಫೋಟೊ, ಎಷ್ಟು ಹಲ್ಲಿಗೆ ಯಾವ ವಸ್ತು ಎಂದು ಬರೆದ ಚೀಟಿ ಮತ್ತು ಪಕ್ಕಾ ರಸೀದಿ. ‘ಬಿಲ್ ಬೇಡವಾದರೆ ಸ್ವಲ್ಪ ಕಡಿಮೆ ಮಾಡುತ್ತೇನೆ’ ಎನ್ನುವ ಮಾತಿಗೆ ಒಪ್ಪಿದವರ ಕೈಯಲ್ಲಿ ಇವಾವುವೂ ಇರುವುದಿಲ್ಲ.