ಐವತ್ತರ ಹೊಸ್ತಿಲಲ್ಲಿ ಬಂದ ಕರೆ

"ಇನ್ನೇನಮ್ಮಾ, ನಮ್ಮದೆಲ್ಲಾ ಮುಗೀತು. ಮಕ್ಕಳು ಒಂದು ದಡ ಸೇರಿಬಿಟ್ಟರೆ ಸಾಕು."

ನಲವತ್ತು ದಾಟಿದ ನಾವು ನಾಲ್ಕು ಹೆಂಗಸರು ಸೇರಿದ ಕಡೆ ಈ ಮಾತು ಬಾರದೆ ಇರುವುದುಂಟೇ? ಹಪ್ಪಳ ಒಣಹಾಕುವಾಗಲೋ, ಅರಿಶಿನ ಕುಂಕುಮಕ್ಕೆ ಹೋದಾಗಲೋ ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಆಡಿದವರೂ ನಗುತ್ತಾರೆ, ಕೇಳಿದವರೂ ನಗುತ್ತಾರೆ. ಆ ನಗುವಿನ ಕೆಳಗೆ ಸಣ್ಣದೊಂದು ನಿಟ್ಟುಸಿರು ಇರೋದು ಮಾತ್ರ ನಮಗೆಲ್ಲ ಗೊತ್ತು.

ಈ ಸಲ ಅಂಥ ನಿಟ್ಟುಸಿರಿಗೆ ಜವಾಬು ಕೊಟ್ಟಂತೆ ಬಾಳಿದ ಇಂಗ್ಲೆಂಡಿನ ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ, ಕೇಳಿ. ಹೆಸರು ಲಿಜ್ ಸ್ಮಿತ್. ಅಲ್ಲಿನ ಟೆಲಿವಿಷನ್ನಿನಲ್ಲಿ ಮನೆಮಾತಾಗಿದ್ದ ಪೋಷಕ ನಟಿ. ನಾಯಕಿಯಾಗಿ ಮೆರೆದವರಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯ ಮುದುಕಿ ಇವೇ ಅವರ ಪಾತ್ರಗಳು. ಸಾರಿಗೆ ಒಗ್ಗರಣೆ ಎಷ್ಟು ಬೇಕು? ಒಂದು ಚಮಚ. ಆದರೆ ಅದಿಲ್ಲದ ಸಾರನ್ನು ಯಾರು ಬಡಿಸಿಕೊಳ್ಳುತ್ತಾರೆ? ಲಿಜ್ ಸ್ಮಿತ್ ಅಂಥ ಒಗ್ಗರಣೆ.

ಹುಟ್ಟಿದ್ದು 1921ರ ಡಿಸೆಂಬರ್ 11ರಂದು, ಲಿಂಕನ್‌ಷೈರ್ ಪ್ರಾಂತದ ಸ್ಕನ್‌ತೋರ್ಪ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ತಂದೆತಾಯಿ ಇಟ್ಟ ಹೆಸರು ಬೆಟ್ಟಿ ಗ್ಲೀಡಲ್. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಮುಂದೆ ತಂದೆ ಇನ್ನೊಂದು ಮದುವೆಯಾಗಿ ಮಗಳ ಕೈ ಬಿಟ್ಟರು. ಅಜ್ಜಿ ತಾತನ ಮಡಿಲೇ ಗತಿಯಾಯಿತು. ಅಜ್ಜಿಯ ನೆರಳಿನಲ್ಲಿ ಬೆಳೆದ ಆ ಹುಡುಗಿ ಊರಿನ ಹವ್ಯಾಸಿ ನಾಟಕಗಳಲ್ಲಿ ಚಿಕ್ಕಂದಿನಲ್ಲೇ ಮುದುಕಿಯ ವೇಷ ಹಾಕುತ್ತಿದ್ದಳಂತೆ! ಮುಂದೆ ಅನ್ನ ಕೊಡುವ ವಿದ್ಯೆ ಅದೇ ಎಂದು ಆಗ ಯಾರಿಗೆ ಗೊತ್ತಿತ್ತು?

ಎರಡನೆಯ ಮಹಾಯುದ್ಧ ಬಂತು. ಬೆಟ್ಟಿ ಬ್ರಿಟಿಷ್ ನೌಕಾಪಡೆಯ ಮಹಿಳಾ ವಿಭಾಗ ಸೇರಿದರು. ಆ ಸೇವೆ ಅವರನ್ನು ನಮ್ಮ ಭಾರತಕ್ಕೂ ಕರೆತಂದಿತು. ಮುಂದೆ ಕೈಹಿಡಿದ ಜಾಕ್ ಥಾಮಸ್ ಪರಿಚಯವಾದದ್ದು ಇಲ್ಲಿಯೇ. ಮದುವೆಯಾಯಿತು, ಮಕ್ಕಳಿಬ್ಬರು ಹುಟ್ಟಿದರು. ಆದರೆ ಸಂಸಾರ ನಿಲ್ಲಲಿಲ್ಲ. ವಿಚ್ಛೇದನವಾಗಿ, ಎರಡು ಎಳೆಯ ಮಕ್ಕಳ ಹೊಣೆ ಒಬ್ಬಳ ಹೆಗಲಿಗೇ ಬಿತ್ತು.

ಇಂಗ್ಲೆಂಡ್ ಎಂದರೆ ಅಲ್ಲಿ ಎಲ್ಲಾ ಸಲೀಸು ಅಂದುಕೊಳ್ಳಬೇಡಿ. ಆ ಕಾಲದಲ್ಲಿ ಗಂಡನನ್ನು ಬಿಟ್ಟವಳು ಎಂದರೆ ಅಲ್ಲಿಯೂ ಮೂಗು ಮುರಿಯುವವರೇ ಹೆಚ್ಚು. ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಹುಟ್ಟಿದವರಿಲ್ಲ. ಸಿಕ್ಕ ಸಣ್ಣಪುಟ್ಟ ಕೆಲಸ ಮಾಡುತ್ತ, ಮಕ್ಕಳ ಹೊಟ್ಟೆ ಬಟ್ಟೆ ನೋಡಿಕೊಳ್ಳುತ್ತ ವರ್ಷಗಳು ಉರುಳಿದವು.

ಇಲ್ಲಿ ಒಂದು ವಿಷಯ ಗಮನಿಸಿ. ಇಷ್ಟು ತಾಪತ್ರಯದ ನಡುವೆಯೂ ಆಕೆ ನಾಟಕದ ಸಹವಾಸ ಬಿಡಲಿಲ್ಲ. ಚಾರ್ಲ್ಸ್ ಮರೋವಿಟ್ಸ್ ಎಂಬ ಅಮೆರಿಕದ ನಿರ್ದೇಶಕರು ಲಂಡನ್ನಿನಲ್ಲಿ ಕಟ್ಟಿಕೊಂಡಿದ್ದ ತಂಡಕ್ಕೆ ಸೇರಿದರು. ಅಲ್ಲಿ ಕಲಿಸುತ್ತಿದ್ದದ್ದು ಒಂದು ವಿಶೇಷವಾದ ರೀತಿ. ಬರೆದಿಟ್ಟ ಮಾತನ್ನು ಉರು ಹೊಡೆದು ಒಪ್ಪಿಸುವುದಲ್ಲ. ಇಂಥವಳು, ಇಂಥ ಮನೆ, ಇಂಥ ಪ್ರಸಂಗ ಎಂದು ಹೇಳಿದರೆ ಸಾಕು, ನಿಂತ ನಿಲುವಿನಲ್ಲಿ ಆ ಹೆಂಗಸೇ ಆಗಿ ಮಾತನಾಡಬೇಕು. ಹಣ ಬರುವ ವಿದ್ಯೆಯಲ್ಲ, ಹೆಸರು ಬರುವ ಭರವಸೆಯೂ ಇಲ್ಲ. "ಇದರಿಂದ ನಿನಗೇನು ಲಾಭ?" ಎಂದು ಯಾರಾದರೂ ಕೇಳಿದ್ದರೆ ಕೊಡಲು ಉತ್ತರ ಇರುತ್ತಿರಲಿಲ್ಲ.

ಉತ್ತರ ಬರಲು ಸುಮಾರು ಹದಿನೈದು ವರ್ಷ ಹಿಡಿಯಿತು!

ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಹ್ಯಾಮ್ಲೀಸ್ ಎಂಬ ದೊಡ್ಡ ಆಟಿಕೆ ಅಂಗಡಿ ಇದೆ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ನಿಂತು ಆಟಿಕೆ ಮಾರುತ್ತಿದ್ದ ದಿನಗಳಲ್ಲೇ ಲಿಜ್‌ಗೆ ಒಂದು ಕರೆ ಬಂತು. ಮೈಕ್ ಲೀ ಎಂಬ ತರುಣ ನಿರ್ದೇಶಕ ತನ್ನ ಮೊದಲ ಚಿತ್ರಕ್ಕೆ, ಬರೆದ ಮಾತಿಲ್ಲದೆ ಅಭಿನಯಿಸಬಲ್ಲ ನಡುವಯಸ್ಸಿನ ಹೆಂಗಸನ್ನು ಹುಡುಕುತ್ತಿದ್ದ. ಲಿಜ್‌ಗೆ ಆಗ ವಯಸ್ಸು ಐವತ್ತರ ಹತ್ತಿರ. 1971ರಲ್ಲಿ 'ಬ್ಲೀಕ್ ಮೊಮೆಂಟ್ಸ್' ತೆರೆಗೆ ಬಂತು.

ಎರಡು ವರ್ಷದ ನಂತರ, 1973ರಲ್ಲಿ, ಅದೇ ಮೈಕ್ ಲೀ ಬಿ.ಬಿ.ಸಿ.ಗಾಗಿ 'ಹಾರ್ಡ್ ಲೇಬರ್' ಎಂಬ ಟೆಲಿವಿಷನ್ ನಾಟಕ ಮಾಡಿದರು. ಇದರಲ್ಲಿ ಲಿಜ್ ಮಿಸೆಸ್ ಥಾರ್ನ್ಲಿ. ಬೆಳಿಗ್ಗೆಯಿಂದ ಉಳ್ಳವರ ಮನೆಯಲ್ಲಿ ಒರೆಸಿ ತೊಳೆದು ಬಂದು, ತನ್ನ ಮನೆಯಲ್ಲೂ ಅದನ್ನೇ ಮಾಡುವ ಹೆಂಗಸು. ಗಂಡ ರಾತ್ರಿ ಕಾವಲುಗಾರ, ಬಾಯಿ ಬಿಟ್ಟರೆ ಸಿಡುಕು. ಈಕೆ ಹೆಚ್ಚು ಮಾತನಾಡುವುದೇ ಇಲ್ಲ. ಕೊನೆಗೊಂದು ದಿನ ಚರ್ಚಿನ ಪಾದ್ರಿಯ ಮುಂದೆ, ತನಗೆ ಜನರ ಮೇಲೆ ಬೇಕಾದಷ್ಟು ಪ್ರೀತಿ ಹುಟ್ಟುತ್ತಿಲ್ಲ ಎಂದು ತನ್ನ ತಪ್ಪೇನೋ ಎಂಬಂತೆ ಹೇಳಿಕೊಳ್ಳುತ್ತಾಳೆ. ಕೇಳಬೇಕಾದ ಪಾದ್ರಿಗೂ ಪೂರ್ತಿ ಗಮನ ಕೊಡುವ ವ್ಯವಧಾನವಿಲ್ಲ. ಎಲ್ಲರಿಗೂ ದುಡಿದು ದುಡಿದು ಒಳಗೆ ಬರಿದಾದ ಜೀವ ಅದು. ಬಡತನದ ದುಡಿಮೆಯನ್ನೂ ಒಂಟಿತನವನ್ನೂ ಉಂಡವರಿಗಲ್ಲದೆ ಬೇರೆಯವರಿಗೆ ಆ ಮೌನ ಒಲಿಯುತ್ತಿತ್ತೇ, ನೀವೇ ಹೇಳಿ.

ಅಲ್ಲಿಂದ ಮುಂದೆ ಕೆಲಸ ನಿಲ್ಲಲಿಲ್ಲ. 1984ರಲ್ಲಿ ಬಂದ 'ಎ ಪ್ರೈವೇಟ್ ಫಂಕ್ಷನ್' ಚಿತ್ರದ ಕಥೆ ಕೇಳಿದರೆ ನಿಮಗೆ ನಗು ಬಂದೀತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಇಂಗ್ಲೆಂಡಿನಲ್ಲಿ ಇನ್ನೂ ರೇಷನ್ ಕಾಲ. ಮಾಂಸಕ್ಕೆ ಪರದಾಟ. ರಾಜಕುಮಾರಿ ಎಲಿಜಬೆತ್ ಮದುವೆಯ ಸಂಭ್ರಮದ ಔತಣಕ್ಕೆಂದು ಊರ ದೊಡ್ಡ ಮನುಷ್ಯರು ಕದ್ದು ಒಂದು ಹಂದಿ ಸಾಕುತ್ತಾರೆ. ಅದರ ಸುತ್ತ ನಡೆಯುವ ಫಜೀತಿಯೇ ಕಥೆ. ಬರೆದವರು ಅಲನ್ ಬೆನೆಟ್. ಪ್ರಸಿದ್ಧ ನಟಿ ಮ್ಯಾಗಿ ಸ್ಮಿತ್ ನಾಯಕಿ, ಅವರ ಮುದಿ ತಾಯಿಯಾಗಿ ನಮ್ಮ ಲಿಜ್. ಈ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದಾಗ ಆಕೆ ಅರವತ್ತು ದಾಟಿದ್ದರು.

ಅಡಿಗೆಯ ಪುಟಗಳನ್ನು ತಪ್ಪದೆ ಓದುವ ನಿಮಗೆ 1994ರಲ್ಲಿ ಶುರುವಾದ 'ದಿ ವಿಕರ್ ಆಫ್ ಡಿಬ್ಲಿ' ಧಾರಾವಾಹಿಯ ಲೆಟೀಷಿಯಾ ಕ್ರಾಪ್ಲಿಯನ್ನು ಪರಿಚಯ ಮಾಡಿಸಲೇಬೇಕು. ಹಳ್ಳಿಯ ಈ ಮುದುಕಿಗೆ ಅಡಿಗೆಯ ಹುಚ್ಚು. ಆದರೆ ಯಾವುದಕ್ಕೆ ಯಾವುದನ್ನು ಬೆರೆಸಬೇಕೆಂಬ ವಿವೇಚನೆ ಮಾತ್ರ ಇಲ್ಲ! ಸಿಹಿಗೂ ಖಾರಕ್ಕೂ ಭೇದವಿಲ್ಲ. ಅವಳು ತಟ್ಟೆ ಹಿಡಿದು ಬಂದರೆ ಊರಿಗೆ ಊರೇ ನಡುಗುತ್ತದೆ, ಆದರೆ ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ. 1996ರ ಈಸ್ಟರ್ ಕಂತಿನಲ್ಲಿ ಲೆಟೀಷಿಯಾ ತೀರಿಕೊಳ್ಳುತ್ತಾಳೆ. ವರ್ಷ ವರ್ಷವೂ ಮೊಲದ ವೇಷದಲ್ಲಿ ಮನೆಮನೆಗೆ ಹಬ್ಬದ ಮೊಟ್ಟೆ ಹಂಚುತ್ತಿದ್ದವಳು ಅವಳೇ ಎಂಬ ಗುಟ್ಟು ಆಗ ಹೊರಬೀಳುತ್ತದೆ. ಸಾಯುವ ಮುನ್ನ "ಇನ್ನು ಮುಂದೆ ನೀನು ಮಾಡು" ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಹೋಗಿರುತ್ತಾಳೆ. ಪರಿಣಾಮ? ಊರಿನವರೆಲ್ಲ ಮೊಲದ ವೇಷದಲ್ಲಿ ಎದುರುಬದುರಾಗುತ್ತಾರೆ. ನಗುನಗುತ್ತಲೇ ಕಣ್ಣು ಒದ್ದೆಯಾಗುವ ದೃಶ್ಯ.

1998ರಿಂದ 'ದಿ ರಾಯ್ಲ್ ಫ್ಯಾಮಿಲಿ'ಯಲ್ಲಿ ಆಕೆ ನಾನಾ, ಅಂದರೆ ಅಜ್ಜಿ. ಮ್ಯಾಂಚೆಸ್ಟರಿನ ಒಂದು ಸಾಮಾನ್ಯ ಸಂಸಾರ ಟೆಲಿವಿಷನ್ ಮುಂದೆ ಕೂತು ಹರಟುವುದೇ ಅದರ ಕಥೆ. ಈ ಅಜ್ಜಿ ದೇವತೆಯಲ್ಲ. ಅಳಿಯನಿಗೆ ತಲೆನೋವು, ಬಾಯಿಚಪಲ, ಒಂದಿಷ್ಟು ಸ್ವಾರ್ಥ, ಒಂದಿಷ್ಟು ಮುಗ್ಧತೆ. ನಮ್ಮ ನಿಮ್ಮ ಮನೆಯಲ್ಲಿ ಇರುವ ಹಾಗೆಯೇ ಅನ್ನಿ. 2006ರ ವಿಶೇಷ ಕಂತಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಮನೆಯ ನಡುವೆಯೇ ಮಲಗಿಸಿಕೊಂಡು, ಮಗಳು ಅವಳ ತಲೆಗೂದಲನ್ನು ಒಪ್ಪ ಮಾಡುವ ದೃಶ್ಯವಿದೆ. ಹಾಸ್ಯದ ಧಾರಾವಾಹಿ ಎಂದು ನೋಡಲು ಕೂತವರು ಅತ್ತುಬಿಟ್ಟರು. ಆಗ ಲಿಜ್‌ಗೆ ಎಂಬತ್ತನಾಲ್ಕು.

ಅದೇ ವರ್ಷ ಆತ್ಮಕಥೆ ಬರೆದರು. 2009ರಲ್ಲಿ ಎಂ.ಬಿ.ಇ. ಗೌರವ ಬಂತು. ಪಾರ್ಶ್ವವಾಯು ಬಡಿದದ್ದರಿಂದ ಆ ವರ್ಷವೇ ನಟನೆಗೆ ವಿದಾಯ ಹೇಳಿದರು. 2016ರ ಡಿಸೆಂಬರ್ 24ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಕಣ್ಣು ಮುಚ್ಚಿದರು.

"ಅವರಿಗೆ ಅದೃಷ್ಟ ಇತ್ತು ಬಿಡಿ, ನಮಗೆಲ್ಲಿ?" ಅಂತೀರಾ? ನಿಜ, ಎಲ್ಲರಿಗೂ ಸಿನಿಮಾ ನಿರ್ದೇಶಕರ ಕರೆ ಬರುವುದಿಲ್ಲ. ಆದರೆ ಕರೆ ಬಂದ ದಿನ ಆಕೆಯ ಕೈಯಲ್ಲಿ ವಿದ್ಯೆ ಇತ್ತಲ್ಲ, ಅದು ಅದೃಷ್ಟವಲ್ಲ. ಮಕ್ಕಳಿಗೆ ಕೊಡುವ ಹೊತ್ತು ಕೊಟ್ಟು, ಹೊಟ್ಟೆಪಾಡಿನ ಹೊತ್ತು ಕಳೆದು, ಉಳಿದ ಚೂರುಪಾರು ಹೊತ್ತನ್ನು ಆಕೆ ತನಗೆಂದು ಎತ್ತಿಟ್ಟುಕೊಂಡರು. ಕರೆ ಬಾರದೇ ಹೋಗಿದ್ದರೂ ಆ ಹೊತ್ತು ಆಕೆಯದಾಗಿಯೇ ಉಳಿಯುತ್ತಿತ್ತು.

ನಿಮ್ಮ ಮನೆಯ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಹಾರ್ಮೋನಿಯಂ ಇದೆಯೇ? ಟ್ರಂಕಿನ ತಳದಲ್ಲಿ ಅರ್ಧ ಬರೆದ ನೋಟ್‌ಬುಕ್, ಅರ್ಧ ಹಾಕಿದ ಕಸೂತಿ ಇದೆಯೇ? ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಅದನ್ನು ಇಳಿಸಿ ಧೂಳು ಕೊಡವಿ. "ಇದರಿಂದ ಏನು ಲಾಭ?" ಎಂದು ಮನೆಯವರು ಕೇಳಿದರೆ ನಕ್ಕು ಸುಮ್ಮನಿರಿ. ಎಲ್ಲ ಪ್ರಶ್ನೆಗೂ ಕೂಡಲೇ ಉತ್ತರ ಕೊಡಬೇಕೆಂದು ಯಾರು ಹೇಳಿದರು?