ಹಾಜರಿ ಗಡಿಯಾರದ ಅರ್ಧ ಲೆಕ್ಕ

ಮುಂಬಯಿಯ ನೌಕರನಿಗೆ ‘ಲೇಟ್ ಮಾರ್ಕ್’ ಎಂದರೇನೆಂದು ವಿವರಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಅದು ಮಸ್ಟರಿನಲ್ಲಿ ಹೆಡ್ ಕ್ಲಾರ್ಕ್ ಎಳೆಯುತ್ತಿದ್ದ ಕೆಂಪು ಗೆರೆಯಾಗಿತ್ತು. ಬಳಿಕ ಕಾರ್ಡಿನ ಮೇಲೆ ವೇಳೆಯನ್ನು ಮುದ್ರಿಸುವ ಗಡಿಯಾರ ಬಂದಿತು. ಇಂದು ಬೆರಳ ಗುರುತನ್ನೋ ಮುಖವನ್ನೋ ನೋಡಿ ಹಾಜರಿ ಹಾಕುವ ಯಂತ್ರ ಅದೇ ಕಾರ್ಯವನ್ನು ನಿರ್ವಹಿಸುತ್ತಿದೆ. ಹೆಡ್ ಕ್ಲಾರ್ಕನಿಗೆ ಮಳೆಗಾಲದಲ್ಲಿ ತುಸು ಕನಿಕರವಾದರೂ ಹುಟ್ಟುತ್ತಿತ್ತು!

ಗಡಿಯಾರದೊಡನೆ ಈ ನಗರದ ಜಗಳ ಹಳೆಯದು. 1906ರಲ್ಲಿ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದಾಗ ಅದು ‘ಬಾಂಬೆ ಟೈಮ್’ಗಿಂತ 39 ನಿಮಿಷ ಮುಂದಿತ್ತು. ಗಿರಣಿಯ ಗಡಿಯಾರವನ್ನು ಮುಂದೂಡಿದರೆ ತಾವು ಅಷ್ಟು ಬೇಗನೆ ಏಳಬೇಕಾದೀತೆಂದು ಕಾರ್ಮಿಕರು ಪ್ರತಿಭಟಿಸಿದರು. ನಗರಪಾಲಿಕೆಯಂತೂ ದಶಕಗಳವರೆಗೂ ಹಳೆಯ ವೇಳೆಯನ್ನು ಬಿಟ್ಟುಕೊಡಲಿಲ್ಲ. ಅದಕ್ಕೂ ಮೊದಲು, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ 1890ರಲ್ಲಿ ಗಿರಣಿಗಳಿಗೆ ರವಿವಾರದ ರಜೆ ದೊರೆತಿತ್ತು. ವೇಳೆಯು ಮಾಲೀಕರ ಸೊತ್ತು ಮಾತ್ರವಲ್ಲವೆಂಬುದನ್ನು ಈ ನಗರದ ದುಡಿಮೆಗಾರರು ಬಹು ಹಿಂದೆಯೇ ಅರಿತಿದ್ದರು.

ಹಾಗೆಂದು ಗಡಿಯಾರವನ್ನೇ ಶತ್ರುವೆಂದು ದೂರುವುದು ಸರಿಯಲ್ಲ. ಹಗಲು ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಕನ್ನಡಿಗರ ಹಿಂದಿನ ಪೀಳಿಗೆಗೆ ಹಾಜರಿ ಗಡಿಯಾರವೇ ಇರಲಿಲ್ಲ. ಕೊನೆಯ ಗಿರಾಕಿ ಎದ್ದು ಹೋದಾಗಲೇ ಅವರ ಕೆಲಸ ಮುಗಿಯುತ್ತಿತ್ತು. ಎಷ್ಟು ತಾಸು ದುಡಿದರೆಂಬುದಕ್ಕೆ ಅವರ ಬಳಿ ಯಾವ ಪುರಾವೆಯೂ ಉಳಿಯಲಿಲ್ಲ. 1948ರ ಕಾರ್ಖಾನೆ ಕಾಯಿದೆಯು ನಿಗದಿತ ಅವಧಿಯನ್ನು ಮೀರಿದ ದುಡಿಮೆಗೆ ಇಮ್ಮಡಿ ವೇತನವನ್ನು ವಿಧಿಸಿತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೂ ಅದನ್ನೇ ಹೇಳಿತು. ಆದರೆ ಮೀರಿದ ಅವಧಿಯನ್ನು ಸಾಧಿಸಿ ತೋರಿಸಲು ನಿರ್ಗಮನದ ದಾಖಲೆ ಬೇಕು.

ದೋಷವಿರುವುದು ಇಲ್ಲಿಯೇ. ಅನೇಕ ಕಚೇರಿಗಳಲ್ಲಿ ಆಗಮನದ ಐದು ನಿಮಿಷದ ವಿಳಂಬ ತಿಂಗಳ ಕೊನೆಗೆ ಅರ್ಧ ದಿನದ ರಜೆಯನ್ನು ನುಂಗುತ್ತದೆ; ಸಂಜೆಯ ಒಂದೂವರೆ ತಾಸಿನ ಹೆಚ್ಚುವರಿ ದುಡಿಮೆಯನ್ನು ಯಂತ್ರ ಬರೆದಿಟ್ಟರೂ ಅದನ್ನು ಓದುವವರಿಲ್ಲ. ಖರ್ಚನ್ನು ಮಾತ್ರ ಬರೆದು ಜಮೆಯ ಬದಿಯನ್ನು ಖಾಲಿ ಬಿಟ್ಟ ಖಾತೆಯನ್ನು ಯಾವ ಲೆಕ್ಕಪರಿಶೋಧಕನು ಒಪ್ಪಿಯಾನು?

ಇದು ಕೇವಲ ಹಣದ ಪ್ರಶ್ನೆಯೂ ಅಲ್ಲ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಹೊರಡುವವನು ಅರ್ಧ ತಿಂಡಿಯನ್ನು ತಟ್ಟೆಯಲ್ಲಿಯೇ ಬಿಟ್ಟು, ಸೇತುವೆಯ ಮೆಟ್ಟಿಲುಗಳನ್ನು ಓಡುತ್ತ ಏರಿ, ಗಾಡಿಯ ಬಾಗಿಲಿಗೆ ಜೋತುಬೀಳುತ್ತಾನೆ. ಮುಂದಿನ ಗಾಡಿಗೆ ಕಾಯುವ ಧೈರ್ಯ ಅವನಿಗಿಲ್ಲ. ರಕ್ತದೊತ್ತಡಕ್ಕೆ ಉಪ್ಪನ್ನು ತಗ್ಗಿಸಿರೆಂದು ವೈದ್ಯರು ಹೇಳುವರು. ಈ ಓಟವನ್ನು ತಗ್ಗಿಸಿರೆಂದು ಅವನ ಮೇಲಧಿಕಾರಿಗೆ ಹೇಳುವವರು ಯಾರು? 2025ರ ಜೂನ್ 9ರ ಸೋಮವಾರ ಬೆಳಿಗ್ಗೆ, ಕಚೇರಿಗೆ ಹೋಗುವ ಹೊತ್ತಿನಲ್ಲಿಯೇ, ಮುಂಬ್ರಾದ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಚಲಿಸುವ ಗಾಡಿಗಳಿಂದ ಹಳಿಯ ಮೇಲೆ ಬಿದ್ದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಪರಿಹಾರ ದುಸ್ಸಾಧ್ಯವೇನಲ್ಲ. ಮಧ್ಯ ರೈಲ್ವೆಯು 2023ರಲ್ಲಿ ತನ್ನ ಮುಂಬಯಿ ಕಚೇರಿಯ ಸಿಬ್ಬಂದಿಗೆ ಎರಡು ಬಗೆಯ ವೇಳೆಗಳನ್ನು ಗೊತ್ತುಪಡಿಸಿ, ಇತರ ಸಂಸ್ಥೆಗಳೂ ಹೀಗೆಯೇ ಮಾಡಬೇಕೆಂದು ವಿನಂತಿಸಿತು. ಗಿರಾಕಿಗಳು ಬಾಗಿಲಲ್ಲಿ ಕಾಯುವ ಕೌಂಟರುಗಳಿಗೆ ಇದು ಒಗ್ಗದಿರಬಹುದು, ನಿಜ. ಉಳಿದ ವಿಭಾಗಗಳಲ್ಲಿ ಅರ್ಧ ತಾಸಿನ ಸಡಿಲಿಕೆಯನ್ನು ನೀಡಿ, ದಿನದ ಒಟ್ಟು ಅವಧಿಯನ್ನು ಎಣಿಸಿದರೆ ಸಂಸ್ಥೆಗೆ ನಷ್ಟವಿಲ್ಲ. ಅಷ್ಟೂ ಆಗದಿದ್ದಲ್ಲಿ, ತಿಂಗಳ ಸಂಬಳದ ಚೀಟಿಯಲ್ಲಿ ವಿಳಂಬದ ನಿಮಿಷಗಳ ಪಕ್ಕದಲ್ಲಿ ಹೆಚ್ಚುವರಿಯಾಗಿ ದುಡಿದ ನಿಮಿಷಗಳನ್ನೂ ಮುದ್ರಿಸಬೇಕೆಂದು ನೌಕರರ ಸಂಘಗಳು ಕೇಳಬಹುದು. ಅಂಕಿಗಳು ಯಂತ್ರದಲ್ಲಿ ಈಗಾಗಲೇ ಇವೆ.