ಹಕ್ಕಿಯ ಕಾಲಿನ ಉಂಗುರ ಓದುವವರು ಯಾರು?

2024ರ ನವೆಂಬರ್‌ನಲ್ಲಿ ಕಾರವಾರದಲ್ಲಿ ರಣಹದ್ದೊಂದು ಕಾಣಿಸಿಕೊಂಡಿತು. ಬೆನ್ನ ಮೇಲೆ ಜಿಪಿಎಸ್ ಯಂತ್ರವಿತ್ತು. ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಹತ್ತಿರದಲ್ಲೇ ಇರುವ ಊರು. ಇದು ಬೇಹುಗಾರಿಕೆಯ ಹಕ್ಕಿ ಇರಬಹುದೆಂಬ ಗುಮಾನಿ ಹಬ್ಬಿತು. ವಿಚಾರಿಸಿದಾಗ ಅದು ಮಹಾರಾಷ್ಟ್ರದ ತಡೋಬಾ ಹುಲಿ ಸಂರಕ್ಷಿತ ಪ್ರದೇಶದಿಂದ ಸಂಶೋಧನೆಗಾಗಿ ಬಿಟ್ಟ ಹದ್ದು ಎಂದು ತಿಳಿಯಿತು. ಅದಕ್ಕೂ ಹಿಂದೆ, 2023ರ ಮೇ ತಿಂಗಳಲ್ಲಿ, ಮುಂಬೈನಲ್ಲಿ ಕಾಲಿಗೆ ಉಂಗುರವಿದ್ದ ಪಾರಿವಾಳವೊಂದು ಸಿಕ್ಕಿಬಿದ್ದು ಎಂಟು ತಿಂಗಳು ಬಂಧನದಲ್ಲಿತ್ತು. ಕೊನೆಗೆ ನೋಡಿದರೆ ಅದು ತೈವಾನಿನ ಪಂದ್ಯದ ಪಾರಿವಾಳ!

ಇಂಥ ಸುದ್ದಿ ಓದಿ ನಗುವುದು ಸುಲಭ. ಆದರೆ ಹಕ್ಕಿಯ ಕಾಲಿನಲ್ಲಿ ಉಂಗುರ ಯಾಕಿರುತ್ತದೆ, ಸಿಕ್ಕರೆ ಏನು ಮಾಡಬೇಕು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಯಾರಾದರೂ ಹೇಳಿಕೊಟ್ಟಿದ್ದಾರೆ? ಹೇಳಿಕೊಡದೆ ಇದ್ದದ್ದಕ್ಕೆ ಜನರನ್ನು ದೂರಿ ಫಲವಿಲ್ಲ.

1899ರಲ್ಲಿ ಡೆನ್ಮಾರ್ಕಿನ ಶಾಲಾ ಮೇಷ್ಟರು ಹಾನ್ಸ್ ಮಾರ್ಟೆನ್ಸೆನ್ ಅಲ್ಯೂಮಿನಿಯಂ ಉಂಗುರಗಳಲ್ಲಿ ಸಂಖ್ಯೆ, ವಿಳಾಸ ಕೊರೆದು ಕಬ್ಬಕ್ಕಿ ಜಾತಿಯ ಹಕ್ಕಿಗಳಿಗೆ ತೊಡಿಸಿದರು. ಈ ವಿದ್ಯೆ ವ್ಯವಸ್ಥಿತವಾಗಿ ಶುರುವಾದದ್ದು ಅಲ್ಲಿಂದ. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಈ ಕೆಲಸ ಮಾಡುತ್ತ ಬಂದಿದೆ. 1960ರ ದಶಕದಲ್ಲಿ ಇದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದವರು ಸಲೀಂ ಅಲಿ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದವರೂ ಅವರೇ. ಸೊಸೈಟಿಯ ಉಂಗುರದ ಮೇಲೆ ಒಂದು ಸಂಖ್ಯೆ, ಜೊತೆಗೆ ಮುಂಬೈಗೆ ತಿಳಿಸಿ ಎನ್ನುವ ಮಾತು ಇಂಗ್ಲಿಷಿನಲ್ಲಿರುತ್ತದೆ. ಅಂದರೆ ಅದು ಗುಟ್ಟಿನ ಸಂಕೇತವಲ್ಲ, ವಿಳಾಸ ಬರೆದ ಕಾಗದದಂತೆ.

ಎರಡು ಚಳಿಗಾಲದ ಹಿಂದೆ ಒಂದು ಪಕ್ಷಿಧಾಮದಲ್ಲಿ ಈ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು. ರೋಹಿಣಿಯಿಂದ ಬೆಳಕು ಹರಿಯುವ ಮುನ್ನವೇ ಹೊರಟಿದ್ದೆವು. ಜೊಂಡಿನ ನಡುವೆ ಕಣ್ಣಿಗೆ ಕಾಣದಷ್ಟು ನವಿರಾದ ಬಲೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಹೋಗಿ ನೋಡಿ, ಸಿಕ್ಕ ಹಕ್ಕಿಯನ್ನು ಬಿಡಿಸಿ, ಬಟ್ಟೆಯ ಚೀಲದಲ್ಲಿ ತರುತ್ತಿದ್ದರು. ಕೊರಳಲ್ಲಿ ನೀಲಿ ಪಟ್ಟಿಯಿದ್ದ ಬ್ಲೂಥ್ರೋಟ್. ತೂಕ ಇಪ್ಪತ್ತು ಗ್ರಾಂಗೂ ಕಡಿಮೆ. ಕುತ್ತಿಗೆಯನ್ನು ಎರಡು ಬೆರಳುಗಳ ನಡುವೆ ಹಗುರವಾಗಿ ಹಿಡಿದು, ರೆಕ್ಕೆ ಅಳೆದು, ಇಕ್ಕಳದಿಂದ ಉಂಗುರ ತೊಡಿಸಿ, ಸಂಖ್ಯೆ ಬರೆದುಕೊಂಡು ಬಿಟ್ಟರು. ಎಲ್ಲ ಮುಗಿಯಲು ಕೆಲವೇ ನಿಮಿಷ. ವಿವರಣೆ ಹಿಂದಿ, ಇಂಗ್ಲಿಷಿನಲ್ಲಿತ್ತು. ಸುತ್ತ ನಿಂತಿದ್ದ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇದು ಹಕ್ಕಿಗೆ ಹಿಂಸೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಿಡಿಯುವ ಹೊತ್ತಿನಲ್ಲಿ ಹಕ್ಕಿಗೆ ಭಯ ಆಗುತ್ತದೆ, ಸುಳ್ಳು ಹೇಳಬೇಕಾಗಿಲ್ಲ. ಅದಕ್ಕೇ ಇದನ್ನು ಅನುಮತಿ ಇರುವ, ಪಳಗಿದ ಕೈಗಳು ಮಾತ್ರ ಮಾಡಬೇಕು. ಸಾರ್ವಜನಿಕರಿಗೆ ತೋರಿಸುವುದಾದರೆ ಹತ್ತು ಹದಿನೈದು ಜನರ ಗುಂಪು ಸಾಕು. ಸೆಲ್ಫಿ ಬೇಡ, ಮುಟ್ಟುವುದು ಬೇಡ. ಹಕ್ಕಿ ಬಳಲಿದಂತೆ ಕಂಡರೆ ಅಳತೆ ಅರ್ಧಕ್ಕೇ ನಿಲ್ಲಬೇಕು.

ಆ ಕೆಲವು ನಿಮಿಷಗಳಿಗೆ ಪ್ರತಿಯಾಗಿ ಸಿಗುವುದೇನು? 1956ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ ಒಂದು ಆಲ್ಬಟ್ರಾಸ್ ಹಕ್ಕಿಗೆ ಉಂಗುರ ಹಾಕಿದ್ದರು. 2002ರಲ್ಲಿ ಅದೇ ಹಕ್ಕಿ ಅವರ ಕೈಗೇ ಮತ್ತೆ ಸಿಕ್ಕಿತು. ವಿಸ್ಡಮ್ ಎಂದು ಹೆಸರಾದ ಅದು 2024ರ ಕೊನೆಯಲ್ಲೂ ಮೊಟ್ಟೆಯಿಟ್ಟಿತು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ಉಂಗುರ ಇಲ್ಲದಿದ್ದರೆ ಅದು ಸಾವಿರಾರು ಹಕ್ಕಿಗಳಲ್ಲಿ ಒಂದು, ಅಷ್ಟೆ.

ನಮ್ಮ ಕಥೆಯೂ ಕಡಿಮೆಯದಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು ದಾಟುವಾಗ ಇವು ಏಳು ಸಾವಿರ ಮೀಟರ್‌ಗೂ ಎತ್ತರಕ್ಕೆ ಏರುವುದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ದೂರದರ್ಶಕದಲ್ಲಿ ಆ ಪಟ್ಟಿಯ ಅಕ್ಷರ ಓದಿ ತಿಳಿಸಿದವರಿಂದಲೇ ನಮ್ಮ ಕೆರೆಗೂ ಮಂಗೋಲಿಯಾದ ಸರೋವರಕ್ಕೂ ಇರುವ ನಂಟು ಖಚಿತವಾದದ್ದು. ತೊಡಿಸಿದವರಷ್ಟೇ ಓದಿದವರೂ ಮುಖ್ಯ.

ಇಲ್ಲಿಯೇ ನನ್ನ ತಕರಾರು. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಹೆಮ್ಮೆಯ ವಿಷಯವೇ ಸರಿ. ಆದರೆ ಕೆರೆಯ ದಂಡೆಯ ರೈತನ ಹೊಲದಲ್ಲಿ ಉಂಗುರವಿದ್ದ ಹಕ್ಕಿಯೊಂದು ಸತ್ತು ಬಿದ್ದಿದ್ದರೆ ಆತ ಏನು ಮಾಡಬೇಕು? ಉಂಗುರದ ಮೇಲಿನ ಮಾತು ಅವನ ಭಾಷೆಯದಲ್ಲ. ಅರಣ್ಯ ಇಲಾಖೆಯವರು ಕೇಸು ಹಾಕಿದರೆ ಗತಿಯೇನು ಎಂಬ ಹೆದರಿಕೆ ಬೇರೆ. ಉಂಗುರ ಕಾಲುವೆಗೆ ಬೀಳುತ್ತದೆ, ಅದರೊಂದಿಗೆ ಸಾವಿರಾರು ಕಿಲೋಮೀಟರಿನ ಮಾಹಿತಿಯೂ.

ಪರಿಹಾರಕ್ಕೆ ಕೋಟಿಗಟ್ಟಲೆ ಹಣ ಬೇಡ. ಈ ಕೆರೆಗಳ ದಂಡೆಯಲ್ಲಿ ಕನ್ನಡದ ಒಂದೊಂದು ಫಲಕ ಇರಲಿ: ಉಂಗುರ ಕಂಡರೆ ಸಂಖ್ಯೆ ಬರೆದುಕೊಳ್ಳಿ, ಫೋಟೊ ತೆಗೆಯಿರಿ, ಈ ನಂಬರಿಗೆ ತಿಳಿಸಿ, ತಿಳಿಸಿದವರ ಮೇಲೆ ಕೇಸು ಇಲ್ಲ. ವರ್ಷಕ್ಕೊಮ್ಮೆಯಾದರೂ ಸುತ್ತಲಿನ ಶಾಲೆಯ ಮಕ್ಕಳಿಗೆ, ರೈತರಿಗೆ, ಪೊಲೀಸರಿಗೆ ಉಂಗುರ ತೊಡಿಸುವುದನ್ನು ಕನ್ನಡದಲ್ಲೇ ವಿವರಿಸಿ ತೋರಿಸಲಿ. ಒಮ್ಮೆ ನೋಡಿದ ಪೇದೆ ಹಕ್ಕಿಯನ್ನು ಗೂಢಚಾರ ಎನ್ನಲಾರ.

ರೋಹಿಣಿಯ ಹತ್ತಿರವೇ ಭಲಸ್ವಾ ಕೆರೆಯಿದೆ. ಒಂದು ಕಾಲದಲ್ಲಿ ಯಮುನೆಯ ತಿರುವು ಅದು. ಈಗ ಅದರ ಗುರುತು ಪಕ್ಕದ ಕಸದ ಬೆಟ್ಟ. ಯಾವ ಹಕ್ಕಿ ಎಲ್ಲಿಂದ ಬರುತ್ತಿತ್ತು ಎಂಬ ಲೆಕ್ಕ ಇಲ್ಲದ ಕೆರೆಯ ಪರವಾಗಿ ವಾದಿಸುವುದು ಕಷ್ಟ. ಊರಿನ ಕೆರೆಗಳಿಗೆ ಆ ಗತಿ ಬರಬಾರದು.

ಹೊರನಾಡಿನ ನಾವು ರಜೆಗೆ ಊರಿಗೆ ಹೋಗುವುದು ಹೆಚ್ಚಾಗಿ ಡಿಸೆಂಬರ್‌ನಲ್ಲೇ, ಹೆಬ್ಬಾತುಗಳು ಇರುವ ಕಾಲದಲ್ಲಿ. ಈ ಸಲ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಬದಲು ಒಂದು ಬೆಳಿಗ್ಗೆ ಕೆರೆಗೆ ಕರೆದೊಯ್ಯೋಣ. ದೂರದರ್ಶಕ ಹಿಡಿದು ಕಾಲು, ಕೊರಳು ನೋಡಲು ಹೇಳೋಣ. ಅಕ್ಷರವೋ ಸಂಖ್ಯೆಯೋ ಕಂಡರೆ ಬರೆದು ಕಳಿಸೋಣ.